ಪಶ್ಚಿಮ ಆಸ್ಟ್ರೇಲಿಯ ದಿನ

ಪಶ್ಚಿಮ ಆಸ್ಟ್ರೇಲಿಯ ದಿನವೆಂಬುದು ಆಸ್ಟ್ರೇಲಿಯ ಒಕ್ಕೂಟದ ಪಶ್ಚಿಮ ಆಸ್ಟ್ರೇಲಿಯ ರಾಜ್ಯದಲ್ಲಿ ಪ್ರತಿವರ್ಷ ಜೂನ್ ತಿಂಗಳ ಮೊದಲ ಸೋಮವಾರ ಆಚರಣೆಯಲ್ಲಿರುವ ಸಾರ್ವಜನಿಕ ರಜಾದಿನ. 1829ರಲ್ಲಿ ಸ್ವಾನ್ ನದಿಯ ಮುಖದಲ್ಲಿ ಬ್ರಿಟಿಷರು ಸ್ಥಾಪಿಸಿದ ವಸಾಹತಿನ ನೆನಪಿಗೆ ಮೀಸಲಾದ ಈ ದಿನಕ್ಕೆ 2012ರವರೆಗೆ ‘ಫೌಂಡೇಷನ್ ಡೇ’ ಎಂದರೆ ಸಂಸ್ಥಾಪನಾ ದಿನವೆಂಬ ಹೆಸರಿತ್ತು. ಆ ವರ್ಷ ರಾಜ್ಯದ ಶಾಸನಸಭೆ ಅಂಗೀಕರಿಸಿದ ಕಾಯಿದೆಯೊಂದರಿಂದ ಈಗಿನ ಹೆಸರು ಬಂದಿತು. ರಜೆ ಈ ಒಂದು ರಾಜ್ಯಕ್ಕೆ ಮಾತ್ರ ಸೀಮಿತವಾದುದು. ಆದರೆ ಆ ರಾಜ್ಯದ ವಿಸ್ತೀರ್ಣ ಸುಮಾರು 25 ಲಕ್ಷ ಚದರ ಕಿಲೋಮೀಟರ್, ಎಂದರೆ ಇಡೀ ಭೂಖಂಡದ ಮೂರನೆಯ ಒಂದು ಭಾಗದಷ್ಟಿರುವುದರಿಂದ, ಪ್ರಾದೇಶಿಕ ರಜಾದಿನವೆಂದು ಕರೆಸಿಕೊಂಡರೂ ಇದು ಹಲವು ಸ್ವತಂತ್ರ ದೇಶಗಳಿಗಿಂತ ದೊಡ್ಡದಾದ ನೆಲದಲ್ಲಿ ನಡೆಯುತ್ತದೆ.

ವಸಾಹತೊಂದರ ಹುಟ್ಟನ್ನು ಪ್ರಾದೇಶಿಕ ರಜೆಯಾಗಿ ನೆನೆಯುವ ಪದ್ಧತಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಚೆನ್ನಾಗಿ ಬೇರೂರಿದೆ. ಈ ದೇಶಗಳ ಪ್ರಾಂತಗಳೆಲ್ಲವೂ ಒಂದೇ ಆಡಳಿತದಿಂದ ಸಿಡಿದ ತುಂಡುಗಳಲ್ಲ. ಹಲವು ಪ್ರಾಂತಗಳು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಹಡಗುಗಳಲ್ಲಿ ಬಂದಿಳಿದ ಜನರಿಂದ ಬೇರೆ ಬೇರೆಯಾಗಿಯೇ ಆರಂಭವಾದವು. ದಕ್ಷಿಣ ಆಸ್ಟ್ರೇಲಿಯ 1836ರ ಡಿಸೆಂಬರ್ 28ರ ಘೋಷಣೆಯನ್ನು ನೆನೆಯುತ್ತದೆ. ನ್ಯೂಜಿಲೆಂಡ್‌ನ ಆಕ್ಲೆಂಡ್, ವೆಲಿಂಗ್ಟನ್, ಒಟಾಗೊ, ಕ್ಯಾಂಟರ್ಬರಿ ಪ್ರಾಂತಗಳಿಗೆ ಒಂದೊಂದಕ್ಕೂ ತನ್ನದೇ ವಾರ್ಷಿಕ ದಿನವಿದೆ. ಪಶ್ಚಿಮ ಆಸ್ಟ್ರೇಲಿಯದ ರಜೆ ಈ ಗುಂಪಿಗೆ ಸೇರಿದುದಾದರೂ ಅದರ ಚರಿತ್ರೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಸ್ವಾನ್ ನದಿಯ ವಸಾಹತು ಸ್ಥಾಪನೆಯಾದುದು ಇಂಥದೇ ದಿನವೆಂದು ಬೊಟ್ಟುಮಾಡಿ ಹೇಳಲು ಬರುವುದಿಲ್ಲ. ನೆನೆಯಬಹುದಾಗಿದ್ದ ಕನಿಷ್ಠ ಐದು ದಿನಾಂಕಗಳಲ್ಲಿ ಒಂದನ್ನು ಆಯ್ದುಕೊಳ್ಳಲಾಯಿತು, ಮತ್ತು ಆಯ್ದವನು ವಸಾಹತಿನ ಗವರ್ನರನೇ ಆಗಿದ್ದನು.

ಈ ಕರಾವಳಿಯ ಪರಿಚಯ ಯುರೋಪಿಗೆ ಮೊದಲು ಆದುದು ಡಚ್ಚರ ಮೂಲಕ. 1616ರ ಅಕ್ಟೋಬರ್ 25ರಂದು ಡಚ್ ಈಸ್ಟ್ ಇಂಡಿಯಾ ಕಂಪನಿಯ ನಾವಿಕ ಡರ್ಕ್ ಹಾರ್ಟಾಗ್ ಇಂದಿನ ಶಾರ್ಕ್ ಕೊಲ್ಲಿಯ ಬಾಯಲ್ಲಿರುವ ದ್ವೀಪವೊಂದರಲ್ಲಿ ಇಳಿದು, ತಾನು ಬಂದುದನ್ನು ತವರದ ತಟ್ಟೆಯೊಂದರ ಮೇಲೆ ಕೊರೆಯಿಸಿ ಕಂಬಕ್ಕೆ ಹೊಡೆಯಿಸಿ ಹೋದನು. 1697ರಲ್ಲಿ ಅಲ್ಲಿಗೆ ಬಂದ ವಿಲೆಮ್ ಡಿ ವ್ಲಾಮಿಂಗ್ ಆ ತಟ್ಟೆಯನ್ನು ಕಿತ್ತು ತನ್ನದೊಂದನ್ನು ನಿಲ್ಲಿಸಿದನು. ಹಾರ್ಟಾಗನ ತಟ್ಟೆ ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ವಸ್ತುಸಂಗ್ರಹಾಲಯದಲ್ಲಿದೆ. ದಕ್ಷಿಣದ ನದಿಯೊಂದರಲ್ಲಿ ಕಪ್ಪು ಹಂಸಗಳನ್ನು ಕಂಡು ಅದಕ್ಕೆ ಹಂಸನದಿಯೆಂಬ ಹೆಸರಿಟ್ಟವನೂ ವ್ಲಾಮಿಂಗನೇ. ಸ್ವಾನ್ ಎಂಬ ಇಂಗ್ಲಿಷ್ ಹೆಸರು ಅದರಿಂದಲೇ ಬಂದಿತು. ಡಚ್ಚರು ಇಲ್ಲಿ ವ್ಯಾಪಾರಕ್ಕೆ ಒದಗುವಂಥ ಏನನ್ನೂ ಕಾಣದೆ ಹಿಂದಿರುಗಿದರು. 1801ರಲ್ಲಿ ನಿಕೊಲಾಸ್ ಬೋದಾನ್‌ನ ನೇತೃತ್ವದ ಫ್ರೆಂಚ್ ತಂಡ ಅದೇ ನದಿಯನ್ನು ಪರಿಶೀಲಿಸಿತು, ಮತ್ತು ಬ್ರಿಟಿಷರಿಗೆ ಈ ತೀರದ ಮೇಲೆ ದಿಢೀರನೆ ಆಸಕ್ತಿ ಮೂಡಿದುದು ಫ್ರೆಂಚರು ಇಲ್ಲಿ ನೆಲೆಯೂರಬಹುದೆಂಬ ಅಂಜಿಕೆಯಿಂದ. ಆ ಅಂಜಿಕೆಯ ಮೊದಲ ಫಲವಾಗಿ 1826ರ ಡಿಸೆಂಬರ್ 25ರಂದು ಮೇಜರ್ ಎಡ್ಮಂಡ್ ಲಾಕ್‌ಯರ್ ‘ಅಮಿಟಿ’ ಎಂಬ ಹಡಗಿನಲ್ಲಿ ಸಿಡ್ನಿಯಿಂದ ಸೈನಿಕರನ್ನೂ ಕೈದಿಗಳನ್ನೂ ಕರೆದುಕೊಂಡು ದಕ್ಷಿಣ ತೀರದ ಕಿಂಗ್ ಜಾರ್ಜ್ ಸೌಂಡ್ ಬಂದರಿಗೆ ಬಂದು ಠಾಣೆಯೊಂದನ್ನು ಕಟ್ಟಿದನು. ಇಂದಿನ ಆಲ್ಬನಿ ಪಟ್ಟಣ ಬೆಳೆದುದು ಆ ಠಾಣೆಯಿಂದ. ಹೀಗಾಗಿ ಸಂಸ್ಥಾಪನಾ ದಿನ ಸುಮಾರು 180 ವರ್ಷಗಳ ಕಾಲ ಯಾವ ಸ್ಥಾಪನೆಯನ್ನು ಸ್ಮರಿಸಿತೋ ಅದಕ್ಕಿಂತ ಎರಡೂವರೆ ವರ್ಷ ಹಿಂದೆಯೇ ಈ ನೆಲದಲ್ಲಿ ಬ್ರಿಟಿಷರ ಬೀಡೊಂದು ಇದ್ದಿತು. ಆಲ್ಬನಿ 1831ರವರೆಗೆ ನ್ಯೂ ಸೌತ್ ವೇಲ್ಸ್‌ನ ಆಡಳಿತಕ್ಕೆ ಸೇರಿದ್ದ ಕಾರಣ ಅದನ್ನು ಬೇರೆ ವಸಾಹತೆಂದು ಎಣಿಸಲಿಲ್ಲ.

ಸ್ವಾನ್ ನದಿಯ ವಸಾಹತಿನ ಕಲ್ಪನೆ ಬ್ರಿಟಿಷ್ ನೌಕಾದಳದ ಕ್ಯಾಪ್ಟನ್ ಜೇಮ್ಸ್ ಸ್ಟರ್ಲಿಂಗ್‌ನದು. 1827ರ ಮಾರ್ಚ್‌ನಲ್ಲಿ ಆತ ‘ಸಕ್ಸೆಸ್’ ಎಂಬ ಯುದ್ಧನೌಕೆಯಲ್ಲಿ ಬಂದು, ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಫ್ರೇಸರ್‌ನನ್ನು ಜೊತೆಗಿಟ್ಟುಕೊಂಡು, ನದಿಯ ಪಾತ್ರದಲ್ಲಿ ದೋಣಿಗಳಲ್ಲಿ ಮೇಲಕ್ಕೆ ಸಾಗಿ ನೆಲವನ್ನು ಪರೀಕ್ಷಿಸಿದನು. ಇಬ್ಬರೂ ಕೊಟ್ಟ ವರದಿ ಬಹಳ ಆಶಾದಾಯಕವಾಗಿತ್ತು. ಅವರು ಕಂಡುದು ನದಿಯ ಅಂಚಿನ ಕಿರಿದಾದ ಮೆಕ್ಕಲು ಮಣ್ಣಿನ ಪಟ್ಟಿ. ಅದರಾಚೆಗೆ ಹರಡಿಕೊಂಡಿದ್ದ ಮರಳುಭೂಮಿಯ ಸತ್ತ್ವಹೀನತೆ ಆ ಕೆಲವೇ ದಿನಗಳ ಪರೀಕ್ಷೆಯಲ್ಲಿ ಅವರಿಗೆ ಗೋಚರಿಸಲಿಲ್ಲ. ಸ್ಟರ್ಲಿಂಗ್ ಲಂಡನ್ನಿಗೆ ಮರಳಿ ವಸಾಹತು ಇಲಾಖೆಯನ್ನು ಒಲಿಸಲು ಪಟ್ಟುಹಿಡಿದನು. ಖರ್ಚಿಗೆ ಹೆದರಿದ ಸರ್ಕಾರ ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿತು: ವಸಾಹತನ್ನು ಕಟ್ಟುವ ವೆಚ್ಚ ವಲಸೆ ಬರುವವರದೇ ಆಗಬೇಕು, ಪ್ರತಿಯಾಗಿ ಸರ್ಕಾರ ಅವರಿಗೆ ಜಮೀನು ಕೊಡುತ್ತದೆ. ತಂದ ಬಂಡವಾಳದ ಪ್ರತಿ ಮೂರು ಪೌಂಡಿಗೆ 40 ಎಕರೆಯಂತೆ ಮತ್ತು ಕರೆತಂದ ಪ್ರತಿ ಕೂಲಿಯಾಳಿಗೆ 200 ಎಕರೆಯಂತೆ ಭೂಮಿ ಮಂಜೂರಾಗತಕ್ಕದ್ದೆಂದು ನಿಯಮವಾಯಿತು. ಈ ಭೂಮಿಯಲ್ಲಿ ಆಗಲೇ ಜನ ವಾಸವಾಗಿದ್ದರೆಂಬ ಸಂಗತಿ ಆ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ.

ಆ ಜನ ನೂಂಗಾರರು. ಭೂಖಂಡದ ನೈಋತ್ಯ ಮೂಲೆಯಲ್ಲಿ ಕನಿಷ್ಠ 45,000 ವರ್ಷಗಳಿಂದ ಮಾನವವಸತಿ ಇದ್ದುದಕ್ಕೆ ಪುರಾತತ್ತ್ವದ ಆಧಾರವಿದೆ. ನೂಂಗಾರರು ಆ ಮೂಲೆಗೆ ಸೇರಿದ ಹದಿನಾಲ್ಕು ಉಪಭಾಷಾ ಗುಂಪುಗಳ ಒಂದು ಜನಾಂಗ. ಇಂದಿನ ಪರ್ತ್ ನಗರ ನಿಂತಿರುವ ನೆಲ ಅವರಲ್ಲಿ ವಜುಕ್ ಎಂಬ ಗುಂಪಿನದು, ಮತ್ತು ನದಿಗೆ ಅವರು ಇಟ್ಟ ಹೆಸರು ಡರ್ಬಾರ್ಲ್ ಯೆರಿಗನ್. ಅವರ ಪಂಚಾಂಗದಲ್ಲಿ ವರ್ಷಕ್ಕೆ ಆರು ಋತುಗಳು. ಜೂನ್ ಮತ್ತು ಜುಲೈ ತಿಂಗಳುಗಳು ಚಳಿಯ, ಮಳೆಯ ಕಾಲವಾದ ಮಕುರು. ಈ ಋತುವಿನಲ್ಲಿ ಹಳ್ಳಕೊಳ್ಳಗಳು ತುಂಬಿಕೊಳ್ಳುತ್ತಿದ್ದುದರಿಂದ ಜನ ಸಮುದ್ರತೀರವನ್ನು ಬಿಟ್ಟು ಒಳನಾಡಿಗೆ, ಬೆಟ್ಟಗಳ ಕಡೆಗೆ ಸರಿಯುತ್ತಿದ್ದರು. ಬ್ರಿಟಿಷ್ ಹಡಗುಗಳು ಬಂದುದು ಸರಿಯಾಗಿ ಈ ಸಮಯಕ್ಕೆ.

1829ರ ಘಟನೆಗಳ ಅನುಕ್ರಮವನ್ನು ಸ್ವಲ್ಪ ವಿವರವಾಗಿ ನೋಡಿದರೆ ದಿನಾಂಕದ ಪ್ರಶ್ನೆ ಸ್ಪಷ್ಟವಾಗುತ್ತದೆ. ಮೊದಲು ಬಂದುದು ಕ್ಯಾಪ್ಟನ್ ಚಾರ್ಲ್ಸ್ ಫ್ರೀಮ್ಯಾಂಟಲ್‌ನ ಯುದ್ಧನೌಕೆ ‘ಚಾಲೆಂಜರ್’; ಮೇ 2ರಂದು ಆತ ಸ್ವಾನ್ ನದಿಯ ಮುಖದಲ್ಲಿ ಧ್ವಜವೇರಿಸಿ, ಅದುವರೆಗೆ ನ್ಯೂ ಹಾಲೆಂಡ್ ಎನ್ನಿಸಿಕೊಂಡಿದ್ದ ಭೂಖಂಡದ ಇಡೀ ಪಶ್ಚಿಮ ಭಾಗವನ್ನು ಬ್ರಿಟಿಷ್ ದೊರೆಯ ಹೆಸರಿನಲ್ಲಿ ವಶಪಡಿಸಿಕೊಂಡನು. ಕಾನೂನಿನ ದೃಷ್ಟಿಯಿಂದ ನೋಡಿದರೆ ಈ ನೆಲ ಬ್ರಿಟನ್ನಿನದಾದುದು ಆ ದಿನ. ಆ ವೇಳೆಗೆ ಲೆಫ್ಟಿನೆಂಟ್ ಗವರ್ನರನಾಗಿ ನೇಮಕಗೊಂಡಿದ್ದ ಸ್ಟರ್ಲಿಂಗ್, ಪತ್ನಿ ಎಲೆನ್, ಅಧಿಕಾರಿಗಳು ಮತ್ತು ಅವರ ಕುಟುಂಬದವರೊಂದಿಗೆ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಹೊರಟು ‘ಪಾರ್ಮೀಲಿಯ’ ಎಂಬ ಹಾಯಿಹಡಗಿನಲ್ಲಿ ಬರುತ್ತಿದ್ದನು. ಜೂನ್ 1ರಂದು ಹಡಗಿನವರಿಗೆ ಕರಾವಳಿ ಕಂಡಿತು. ಮರುದಿನ, ಸಮುದ್ರ ಪ್ರಕ್ಷುಬ್ಧವಾಗಿದ್ದರೂ ನೀರಿನ ಆಳ ತನಗೆ ತಿಳಿದಿದೆಯೆಂಬ ಭರವಸೆಯಿಂದ ಸ್ಟರ್ಲಿಂಗ್ ತಾನೇ ದಾರಿ ತೋರಿಸಿ ಹಡಗನ್ನು ಕಾಕ್‌ಬರ್ನ್ ಸೌಂಡ್ ಎಂಬ ಒಳಕೊಲ್ಲಿಗೆ ನುಗ್ಗಿಸಲು ಹೋಗಿ ದಿಬ್ಬವೊಂದಕ್ಕೆ ಸಿಕ್ಕಿಸಿದನು. ಚುಕ್ಕಾಣಿ ಮುರಿದುಹೋಯಿತು. ಪ್ರಯಾಣಿಕರಲ್ಲಿ ಕೆಲವರನ್ನು, ಹೆಂಗಸರು ಮಕ್ಕಳು ಸೇರಿದಂತೆ, ಹತ್ತಿರದ ಕಾರ್ನಾಕ್ ಎಂಬ ಪುಟ್ಟ ದ್ವೀಪದಲ್ಲಿ ಇಳಿಸಬೇಕಾಯಿತು, ಮತ್ತು ಅವರು ಬಿರುಗಾಳಿ ಮಳೆಗಳ ನಡುವೆ ಕೆಲವು ದಿನಗಳನ್ನು ಅಲ್ಲಿಯೇ ಕಳೆದರು. ‘ಚಾಲೆಂಜರ್’ನ ನಾವಿಕರ ನೆರವಿನಿಂದ ಹಡಗು ಬಿಡಿಸಿಕೊಂಡು ಕೊಲ್ಲಿಯಲ್ಲಿ ಸುರಕ್ಷಿತವಾಗಿ ಲಂಗರು ಹಾಕಿದುದು ಜೂನ್ 6ರಂದು. ಎರಡು ದಿನಗಳ ಅನಂತರ 63ನೆಯ ರೆಜಿಮೆಂಟಿನ ಸೈನಿಕರ ತುಕಡಿಯನ್ನು ಹೊತ್ತ ‘ಸಲ್ಫರ್’ ಬಂದಿತು. ವಸಾಹತಿನ ಸ್ಥಾಪನೆಯನ್ನು ಸಾರುವ ಘೋಷಣಾಪತ್ರ ಹೊರಟುದು ಜೂನ್ 18ರಂದು. ಮೊದಲ ಬಿಡಾರ ಎದ್ದುದು ನದಿಯ ದಡದಲ್ಲೂ ಅಲ್ಲ, ಎದುರಿನ ಗಾರ್ಡನ್ ದ್ವೀಪದಲ್ಲಿ. ಕಡೆಗೆ ಆಗಸ್ಟ್ 12ರಂದು ನದಿಯ ದಡದಿಂದ ಸ್ವಲ್ಪ ಒಳಕ್ಕೆ ‘ಸಲ್ಫರ್’ ಹಡಗಿನ ಕಪ್ತಾನನ ಹೆಂಡತಿ ಹೆಲೆನ್ ಡಾನ್ಸ್ ಮರವೊಂದಕ್ಕೆ ಕೊಡಲಿಯ ಪೆಟ್ಟು ಹಾಕುವುದರೊಂದಿಗೆ ರಾಜಧಾನಿ ಪರ್ತ್‌ನ ಸ್ಥಾಪನೆಯ ವಿಧಿ ನಡೆಯಿತು.

ಈ ಐದರಲ್ಲಿ, ಎಂದರೆ ವಶಪಡಿಸಿಕೊಂಡ ದಿನ, ಕರೆ ಕಂಡ ದಿನ, ಲಂಗರು ಹಾಕಿದ ದಿನ, ಘೋಷಣೆಯ ದಿನ ಮತ್ತು ನಗರಸ್ಥಾಪನೆಯ ದಿನಗಳಲ್ಲಿ, ಯಾವುದು ವಸಾಹತಿನ ಜನ್ಮದಿನ? ವಾಸ್ತವವಾಗಿ ಏನೂ ನಡೆಯದ, ದೂರದಿಂದ ದಡ ಕಣ್ಣಿಗೆ ಬಿದ್ದದ್ದಷ್ಟೇ ಆದ ಜೂನ್ 1ಕ್ಕೆ ಆ ಮಾನ ಸಂದಿತು. ವಸಾಹತಿನ ನಿವಾಸಿಗಳನ್ನು ಒಟ್ಟುಗೂಡಿಸಲು ವಾರ್ಷಿಕ ಉತ್ಸವವೊಂದು ಅಗತ್ಯವೆಂದು 1832ರಲ್ಲಿ ಸ್ಟರ್ಲಿಂಗ್ ನಿರ್ಧರಿಸಿದಾಗ ಈ ದಿನವನ್ನು ಆರಿಸಲು ಬೇರೊಂದು ಕಾರಣವಿತ್ತು. 1794ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದಲ್ಲಿ ಲಾರ್ಡ್ ಹೋವ್‌ನ ನೇತೃತ್ವದ ಬ್ರಿಟಿಷ್ ನೌಕಾಬಲ ಫ್ರೆಂಚರನ್ನು ಸೋಲಿಸಿತ್ತು. ಬ್ರಿಟಿಷ್ ನಾವಿಕರು ‘ವಿಖ್ಯಾತ ಜೂನ್ ಒಂದು’ ಎಂದು ಕೊಂಡಾಡುತ್ತಿದ್ದ ಆ ಕದನದ ವಾರ್ಷಿಕದಂದೇ ವಸಾಹತಿನ ನೆಲವನ್ನು ಮುಟ್ಟಬೇಕೆಂಬುದು ಸ್ಟರ್ಲಿಂಗ್‌ನ ಇಚ್ಛೆಯಾಗಿತ್ತು. ಸಮುದ್ರ ಅದಕ್ಕೆ ಅವಕಾಶ ಕೊಡದಿದ್ದರೂ ರಜಾದಿನದ ಪಟ್ಟಿಯಲ್ಲಿ ಅದು ನೆರವೇರಿತು. ಜೂನ್ 1 ಭಾನುವಾರವಾದರೆ ಮರುದಿನ ಆಚರಿಸತಕ್ಕದ್ದೆಂದು ಆಗಲೇ ನಿಯಮವಾಗಿದ್ದಿತು. ತಿಂಗಳ ಮೊದಲ ಸೋಮವಾರವೆಂಬ ಈಗಿನ ಕ್ರಮ, ವಾರಾಂತ್ಯಕ್ಕೆ ರಜೆ ಸೇರಿಕೊಂಡು ಮೂರು ದಿನಗಳ ಬಿಡುವಾಗಲೆಂಬ ಅನುಕೂಲಕ್ಕಾಗಿ ಬಂದುದು. ಕಾಕತಾಳೀಯವೆಂಬಂತೆ 1829ರ ಜೂನ್ 1 ಕೂಡ ಸೋಮವಾರವೇ ಆಗಿತ್ತು.

ಒಡೆಯರನ್ನೂ ಆಳುಗಳನ್ನೂ, ವಲಸೆ ಬಂದವರನ್ನೂ ಮೂಲನಿವಾಸಿಗಳನ್ನೂ ಒಂದು ದಿನದ ಮಟ್ಟಿಗಾದರೂ ಒಂದೆಡೆ ಸೇರಿಸಬೇಕೆಂಬುದು ಉತ್ಸವದ ಉದ್ದೇಶವೆಂದು ಸ್ಟರ್ಲಿಂಗ್ ಹೇಳಿಕೊಂಡಿದ್ದನು. ಈ ಮಾತನ್ನು ಆ ಕಾಲದ ಪರಿಸ್ಥಿತಿಯ ಜೊತೆಯಲ್ಲಿಟ್ಟು ನೋಡಬೇಕು. 1832ರ ಹೊತ್ತಿಗೆ ವಸಾಹತಿನಲ್ಲಿದ್ದವರು ಸುಮಾರು 1,500 ಜನ. ಇಂಗ್ಲೆಂಡಿನಲ್ಲಿ 1829ರಲ್ಲಿ ಎದ್ದಿದ್ದ ಸ್ವಾನ್ ನದಿಯ ಹುಚ್ಚು ಅಷ್ಟರಲ್ಲಿ ಇಳಿದುಹೋಗಿತ್ತು. ಮರಳಿನಲ್ಲಿ ಬೆಳೆ ಏಳಲಿಲ್ಲ, ಒಳ್ಳೆಯ ನದೀತೀರದ ಜಮೀನು ಮೊದಲು ಬಂದವರ ಪಾಲಾಗಿತ್ತು, ದುಡಿಯುವ ಕೈಗಳಿಗೆ ಬರ ಬಂದಿತ್ತು. ತಾಮಸ್ ಪೀಲ್ ಎಂಬ ಶ್ರೀಮಂತ ಕೆಲವು ನೂರು ಜನರನ್ನು ಕರೆತರುವ ಒಪ್ಪಂದ ಮಾಡಿಕೊಂಡು, ಗಡುವು ಮೀರಿ ಡಿಸೆಂಬರ್‌ನಲ್ಲಿ ತಲುಪಿ, ನದಿಯ ಪಕ್ಕದ ಜಮೀನನ್ನು ಕಳೆದುಕೊಂಡು, ಆಳುಗಳೂ ಕೈಬಿಟ್ಟು ಹೋದದ್ದರಿಂದ ದಿವಾಳಿಯಾದನು. ಬಂಡವಾಳವೆಂದರೆ ಹಣವೂ ಸರಂಜಾಮೂ ಅಲ್ಲ, ಮನುಷ್ಯರ ನಡುವಿನ ಒಂದು ಸಂಬಂಧ ಎಂಬುದನ್ನು ತೋರಿಸಲು ಕಾರ್ಲ್ ಮಾರ್ಕ್ಸ್ ‘ಬಂಡವಾಳ’ ಗ್ರಂಥದ ಮೊದಲ ಸಂಪುಟದ ಕೊನೆಯ ಅಧ್ಯಾಯದಲ್ಲಿ ಈ ಪೀಲ್‌ನ ಪ್ರಸಂಗವನ್ನೇ ಬಳಸಿಕೊಂಡಿದ್ದಾನೆ. ಒಡೆಯರೂ ಆಳುಗಳೂ ಹೀಗೆ ಬೇರೆ ಬೇರೆಯಾಗಿ ಒಡೆದುಕೊಳ್ಳುತ್ತಿದ್ದ ಕಾಲದಲ್ಲಿ ಹಬ್ಬವೊಂದರ ಅಗತ್ಯ ಗವರ್ನರನಿಗೆ ತೋರಿದುದು ಸಹಜ.

ಮೂಲನಿವಾಸಿಗಳ ವಿಷಯದಲ್ಲಿ ಆ ಆಶಯ ಎಷ್ಟು ನಿಜವಾಗಿತ್ತೆಂಬುದಕ್ಕೆ ಮುಂದಿನ ಎರಡು ವರ್ಷಗಳೇ ಉತ್ತರ ಹೇಳುತ್ತವೆ. ಬಿಳಿಯ ಮೈಬಣ್ಣದ ಆಗಂತುಕರನ್ನು ನೂಂಗಾರರು ಮೊದಮೊದಲು ‘ಜಂಗ’ ಎಂದರೆ ತೀರಿಹೋದ ತಮ್ಮವರ ಆತ್ಮಗಳು ಹಿಂದಿರುಗಿ ಬಂದಿವೆಯೆಂದು ಭಾವಿಸಿದ ಸಂದರ್ಭಗಳುಂಟು, ಮತ್ತು ಅವರಲ್ಲಿ ಅನೇಕರು ನೀರಿನ ಸೆಲೆಗಳನ್ನು ತೋರಿಸಿದರು, ಹಾದಿ ಹೇಳಿಕೊಟ್ಟರು. ಬೇಲಿಗಳು ಎದ್ದು, ಬೇಟೆಯ ನೆಲ ದನಕುರಿಗಳ ಮೇವುಗಾವಲಾದಾಗ, ಮತ್ತು ಆಹಾರಕ್ಕಾಗಿ ಹಿಟ್ಟೋ ಕುರಿಯೋ ತೆಗೆದುಕೊಂಡವರನ್ನು ಗುಂಡಿಟ್ಟು ಕೊಂದಾಗ, ಸಂಘರ್ಷ ಶುರುವಾಯಿತು. ವಜುಕ್ ಹಿರಿಯ ಮಿಜಗುರುವಿನ ಮಗ ಯಾಗನ್ ಈ ಪ್ರತಿರೋಧದ ಮುಂದಾಳು. 1832ರಲ್ಲಿ ಆತನನ್ನು ಸೆರೆಹಿಡಿದು ಇಟ್ಟದ್ದು ಅದೇ ಕಾರ್ನಾಕ್ ದ್ವೀಪದಲ್ಲಿ, ಮೂರು ವರ್ಷಗಳ ಹಿಂದೆ ಪಾರ್ಮೀಲಿಯದ ಹೆಂಗಸರು ಮಕ್ಕಳು ಚಳಿಯಲ್ಲಿ ನಡುಗುತ್ತ ಕಳೆದ ಆ ಬಂಡೆಗಳ ತುಣುಕಿನಲ್ಲಿ. ಅಲ್ಲಿ ಅವನ ಜೊತೆಗಿದ್ದ ರಾಬರ್ಟ್ ಲಯನ್ ಎಂಬ ವಲಸಿಗ ನೂಂಗಾರರ ಭಾಷೆಯನ್ನೂ ಸ್ಥಳನಾಮಗಳನ್ನೂ ಬರೆದಿಟ್ಟನು. ಯಾಗನ್ ದೋಣಿಯೊಂದನ್ನು ಹಿಡಿದು ತಪ್ಪಿಸಿಕೊಂಡನು. 1833ರ ಮೇ 22ರಂದು ಮಿಜಗುರುವನ್ನು ಪರ್ತ್‌ನ ಸೆರೆಮನೆಯ ಬಾಗಿಲಲ್ಲಿ ಗುಂಡಿಕ್ಕಿ ಕೊಂದರು. ಜುಲೈ 11ರಂದು, 30 ಪೌಂಡ್ ಬಹುಮಾನ ಘೋಷಿತವಾಗಿದ್ದ ಯಾಗನ್‌ನನ್ನು ಪರಿಚಿತ ಹುಡುಗನೊಬ್ಬ ಮೋಸದಿಂದ ಗುಂಡಿಟ್ಟು ಕೊಂದ ಮೇಲೆ, ಅವನ ತಲೆಯನ್ನು ಕತ್ತರಿಸಿ ಹೊಗೆಯಲ್ಲಿ ಒಣಗಿಸಿ ಇಂಗ್ಲೆಂಡಿಗೆ ಪ್ರದರ್ಶನದ ವಸ್ತುವಾಗಿ ಕೊಂಡೊಯ್ದರು. 1834ರ ಅಕ್ಟೋಬರ್ 28ರಂದು ಮರ್ರೇ ನದಿಯ ಪಿಂಜಾರಾ ಎಂಬಲ್ಲಿ ಬಿಂಜರೆಬ್ ಗುಂಪಿನವರ ಬಿಡಾರದ ಮೇಲೆ ಸ್ಟರ್ಲಿಂಗ್ ತಾನೇ ಮುಂದೆ ನಿಂತು ದಾಳಿ ನಡೆಸಿದನು. ಸತ್ತವರು 15 ಜನವೆಂದು ಸರ್ಕಾರಿ ವರದಿ. ಹೆಂಗಸರು ಮಕ್ಕಳು ಸೇರಿ ಅದರ ಹಲವು ಪಟ್ಟು ಜನ ಸತ್ತರೆಂಬುದು ನೂಂಗಾರರ ಪರಂಪರಾಗತ ನೆನಪು, ಮತ್ತು ಕೆಲವು ಅಂದಾಜುಗಳು 80ರವರೆಗೆ ಹೋಗುತ್ತವೆ. ಎಲ್ಲರನ್ನೂ ಒಂದುಗೂಡಿಸುವ ಹಬ್ಬವನ್ನು ಸ್ಥಾಪಿಸಿದವನೂ ಪಿಂಜಾರಾದಲ್ಲಿ ಗುಂಡುಹಾರಿಸಲು ಆಜ್ಞೆ ಕೊಟ್ಟವನೂ ಒಬ್ಬನೇ ಎಂಬುದನ್ನು ಈ ರಜಾದಿನದ ಚರಿತ್ರೆ ಮರೆಯುವಂತಿಲ್ಲ. ಬಹುಕಾಲ ಅದು ಮರೆತಿತ್ತು.

ವಸಾಹತಿನ ಮುಂದಿನ ಬೆಳವಣಿಗೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಕೈದಿಗಳಿಲ್ಲದ ಸ್ವತಂತ್ರ ವಸಾಹತೆಂಬುದು ಸ್ವಾನ್ ನದಿಯವರ ಹೆಮ್ಮೆಯಾಗಿತ್ತು, ಆದರೆ ಕೂಲಿಗಳ ಅಭಾವ ತೀರದೆ ಕಡೆಗೆ ಅಲ್ಲಿನ ಜಮೀನ್ದಾರರೇ ಕೈದಿಗಳನ್ನು ಕಳುಹಿಸಬೇಕೆಂದು ಬೇಡಿಕೊಂಡರು. ‘ಸಿಂಡಿಯನ್’ ಎಂಬ ಹಡಗು ಮೊದಲ 75 ಕೈದಿಗಳನ್ನು ಫ್ರೀಮ್ಯಾಂಟಲ್ ಬಂದರಿಗೆ ತಂದುದು 1850ರ ಜೂನ್ 1ರಂದು, ಎಂದರೆ ಸರಿಯಾಗಿ ವಸಾಹತಿನ ಇಪ್ಪತ್ತೊಂದನೆಯ ಸಂಸ್ಥಾಪನಾ ದಿನದಂದು. 1868ರವರೆಗೆ ಸುಮಾರು 9,700 ಕೈದಿಗಳು, ಎಲ್ಲರೂ ಗಂಡಸರು, ಬಂದರು. ಇಂದು ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಫ್ರೀಮ್ಯಾಂಟಲ್ ಸೆರೆಮನೆಯನ್ನೂ ಪರ್ತ್‌ನ ಪುರಭವನವನ್ನೂ ಕಟ್ಟಿದ ಕೈಗಳು ಅವರವು. 1890ರಲ್ಲಿ ಸ್ವಯಮಾಡಳಿತ ದೊರೆಯಿತು. 1892–93ರಲ್ಲಿ ಕೂಲ್‌ಗಾರ್ಡಿ, ಕಲ್‌ಗೂರ್ಲಿಗಳಲ್ಲಿ ಚಿನ್ನ ಸಿಕ್ಕಿ, 1891ರಲ್ಲಿ ಸುಮಾರು 50,000ದಷ್ಟಿದ್ದ ಜನಸಂಖ್ಯೆ 1901ರಲ್ಲಿ 1,84,000ಕ್ಕೆ ಏರಿತು. ಆ ವರ್ಷ ಒಕ್ಕೂಟವನ್ನು ಸೇರಿದ ಪಶ್ಚಿಮ ಆಸ್ಟ್ರೇಲಿಯ ಪೂರ್ವದ ರಾಜ್ಯಗಳಿಂದ ದೂರವಾಗಿಯೇ ಉಳಿಯಿತು, ಮತ್ತು 1933ರ ಜನಮತಗಣನೆಯಲ್ಲಿ ಅಲ್ಲಿನ ಮೂರನೆಯ ಎರಡು ಭಾಗದಷ್ಟು ಮತದಾರರು ಒಕ್ಕೂಟವನ್ನು ಬಿಡುವ ಪರವಾಗಿ ಮತ ನೀಡಿದರು. ಆ ಬೇರ್ಪಡೆ ಕೈಗೂಡಲಿಲ್ಲ. ಸಿಡ್ನಿಯ 1788ನ್ನು ನೆನೆಯುವ ರಾಷ್ಟ್ರೀಯ ದಿನದ ಪಕ್ಕದಲ್ಲಿ ತಮ್ಮದೇ ಆದ 1829ನ್ನು ಈ ಜನ ಬಿಗಿಯಾಗಿ ಹಿಡಿದುಕೊಂಡುದರ ಹಿಂದೆ ಈ ಪ್ರತ್ಯೇಕತೆಯ ಭಾವನೆಯೂ ಇದೆ. ಇತರ ರಾಜ್ಯಗಳಲ್ಲಿ ಸಾಮಾನ್ಯವಾಗಿ ಜೂನ್‌ನಲ್ಲಿ ಬರುವ ದೊರೆಯ ಹುಟ್ಟುಹಬ್ಬದ ರಜೆಯನ್ನು ಪಶ್ಚಿಮ ಆಸ್ಟ್ರೇಲಿಯದವರು ತಮ್ಮ ದಿನಕ್ಕೆ ಅಡ್ಡಬಾರದಂತೆ ಸೆಪ್ಟೆಂಬರ್ ಅಥವಾ ಅಕ್ಟೋಬರಿಗೆ ಸರಿಸಿಕೊಂಡಿದ್ದಾರೆ.

ಶತಮಾನೋತ್ಸವ ಮತ್ತು ಸಾರ್ಧ ಶತಮಾನೋತ್ಸವಗಳು ಈ ದಿನದ ಅರ್ಥವನ್ನು ರೂಪಿಸಿದ ಎರಡು ಮುಖ್ಯ ಸಂದರ್ಭಗಳು. 1929ರಲ್ಲಿ ಒಕ್ಕೂಟದ ಅಂಚೆ ಇಲಾಖೆ ಕಪ್ಪು ಹಂಸದ ಚಿತ್ರವಿದ್ದ ಅಂಚೆಚೀಟಿಯೊಂದನ್ನು ಹೊರತಂದಿತು. ಕಲಾವಿದ ಜಾರ್ಜ್ ಪಿಟ್ ಮಾರಿಸನ್ ಹೆಲೆನ್ ಡಾನ್ಸ್ ಮರ ಕಡಿಯುವ ದೃಶ್ಯವನ್ನು ದೊಡ್ಡ ಚಿತ್ರವಾಗಿ ಬರೆದನು. ಘಟನೆಯಾಗಿ ನೂರು ವರ್ಷಗಳ ಅನಂತರ ಕಲ್ಪಿಸಿಕೊಂಡು ಬರೆದ ಆ ಚಿತ್ರ ಮುಂದೆ ಎಷ್ಟು ಪ್ರಚಾರಕ್ಕೆ ಬಂದಿತೆಂದರೆ, ಕಣ್ಣಾರೆ ಕಂಡವರು ಬಿಡಿಸಿದ ದಾಖಲೆಯೆಂದೇ ಅನೇಕರು ಅದನ್ನು ತಿಳಿದರು. ಆ ಸಂಭ್ರಮದ ಕಾಲದಲ್ಲಿ ಪರ್ತ್‌ನ ಕೇಂದ್ರಭಾಗ ಮೂಲನಿವಾಸಿಗಳಿಗೆ ನಿಷಿದ್ಧ ಪ್ರದೇಶವಾಗಿತ್ತೆಂಬುದು ಇಂದು ಓದುವವರಿಗೆ ನಂಬಲು ಕಷ್ಟವಾಗಬಹುದು. 1927ರಲ್ಲಿ ಹೊರಟ ಆ ಆದೇಶ 1954ರವರೆಗೆ ಜಾರಿಯಲ್ಲಿತ್ತು. ಅಧಿಕೃತ ಅನುಮತಿಯಿಲ್ಲದೆ ನೂಂಗಾರರು ತಮ್ಮ ಪೂರ್ವಿಕರ ನೆಲದ ಮೇಲೆ ಎದ್ದ ನಗರದೊಳಗೆ ಕಾಲಿಡುವಂತಿರಲಿಲ್ಲ. ಇದಕ್ಕೆ ಮೊದಲೇ ಫ್ಯಾನಿ ಬಾಲ್‌ಬುಕ್ ಎಂಬ ವಜುಕ್ ಹೆಂಗಸು, 1907ರಲ್ಲಿ ತೀರಿಕೊಳ್ಳುವವರೆಗೂ, ತನ್ನ ಹಿರಿಯರು ಗೆಡ್ಡೆಗೆಣಸು ಆಯಲು ನಡೆಯುತ್ತಿದ್ದ ಹಾದಿಯನ್ನು ಬಿಡದೆ ನಡೆದಳು. ಅಡ್ಡ ಬಂದ ಬೇಲಿಯನ್ನು ಹಾರೆಗೋಲಿನಿಂದ ಮುರಿದು, ಎದುರಾದ ಮನೆಯ ಒಳಗಿಂದಲೇ ಹಾದು, ಅಜ್ಜಿಯನ್ನು ಮಣ್ಣುಮಾಡಿದ ಜಾಗದ ಮೇಲೆ ಗವರ್ನರನ ಬಂಗಲೆಯನ್ನು ಕಟ್ಟಿದ್ದಾರೆಂದು ಅದರ ಗೇಟಿನ ಮುಂದೆ ನಿಂತು ಕೂಗಾಡುತ್ತಿದ್ದ ಆಕೆಯ ಪ್ರತಿಭಟನೆ, ವಸಾಹತಿನ ಸ್ಥಾಪನೆಯನ್ನು ಇನ್ನೊಂದು ಬದಿಯಿಂದ ಕಂಡವರು ಅದನ್ನು ಹೇಗೆ ಅನುಭವಿಸಿದರೆಂಬುದರ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ.

1979ರ ನೂರೈವತ್ತನೆಯ ವರ್ಷ ಹೆಚ್ಚು ಅದ್ದೂರಿಯಾಗಿ ನಡೆಯಿತು. ಇಂಗ್ಲೆಂಡಿನ ಪ್ಲಿಮತ್‌ನಿಂದ ಫ್ರೀಮ್ಯಾಂಟಲ್‌ವರೆಗೆ ಹಾಯಿದೋಣಿಗಳ ಸ್ಪರ್ಧೆಯೊಂದನ್ನು ಪಾರ್ಮೀಲಿಯದ ಹೆಸರಿನಲ್ಲಿ ಏರ್ಪಡಿಸಿದರು, ಪರ್ತ್‌ನ ಸೇಂಟ್ ಜಾರ್ಜಸ್ ಟೆರೇಸ್ ರಸ್ತೆಯ ಕಾಲುದಾರಿಯಲ್ಲಿ 150 ಗಣ್ಯರ ಹೆಸರಿನ ಕಂಚಿನ ಫಲಕಗಳನ್ನು ಹುದುಗಿಸಿದರು. ಅವುಗಳಲ್ಲಿ ಒಂದು ಯಾಗನ್‌ನದು. ಆದರೆ ಯಾಗನ್‌ನ ಪ್ರತಿಮೆಯೊಂದನ್ನು ಉತ್ಸವದ ಅಂಗವಾಗಿ ನಿಲ್ಲಿಸಬೇಕೆಂಬ ನೂಂಗಾರರ ಕೋರಿಕೆಯನ್ನು ಅಂದಿನ ಸರ್ಕಾರ, ಆತ ಅಷ್ಟು ಮುಖ್ಯನಲ್ಲವೆಂಬ ಸಲಹೆಯ ಮೇಲೆ, ತಳ್ಳಿಹಾಕಿತು. ಅವರು ತಾವೇ ಹಣ ಕೂಡಿಸಿ 1984ರಲ್ಲಿ ನದಿಯ ನಡುವಿನ ಹೆರಿಸನ್ ದ್ವೀಪದಲ್ಲಿ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. 1964ರಲ್ಲಿ ಲಿವರ್‌ಪೂಲಿನ ಸ್ಮಶಾನದಲ್ಲಿ ಹೂಳಲಾಗಿದ್ದ ಯಾಗನ್‌ನ ತಲೆಯನ್ನು ನೂಂಗಾರ್ ಹಿರಿಯರು ಪತ್ತೆಹಚ್ಚಿ, ಹಲವು ವರ್ಷಗಳ ಹೋರಾಟದ ಮೇಲೆ 1997ರಲ್ಲಿ ತಾಯ್ನೆಲಕ್ಕೆ ತಂದಾಗ, ಅದೇ ವಾರ ಕಿಡಿಗೇಡಿಗಳು ಪ್ರತಿಮೆಯ ತಲೆಯನ್ನು ಕತ್ತರಿಸಿಹಾಕಿದರು. ಪ್ರತಿಮೆಗೆ ಹೊಸ ತಲೆ ಕೂಡಿಸಲಾಯಿತು, ಮತ್ತೆ ಅದನ್ನೂ ಕತ್ತರಿಸಿದರು. ಯಾಗನ್‌ನ ಶಿರಸ್ಸಿಗೆ ಕೊನೆಗೂ ವಿಧಿವತ್ತಾದ ಸಮಾಧಿಯಾದುದು 2010ರ ಜುಲೈನಲ್ಲಿ, ಸ್ವಾನ್ ಕಣಿವೆಯಲ್ಲಿ.

ಇದಾದ ಎರಡು ವರ್ಷಗಳಲ್ಲಿ ರಜಾದಿನದ ಹೆಸರು ಬದಲಾಯಿತು. 2012ರ ಕಾಯಿದೆ ಸಂಸ್ಥಾಪನಾ ದಿನಕ್ಕೆ ಪಶ್ಚಿಮ ಆಸ್ಟ್ರೇಲಿಯ ದಿನವೆಂದು ಹೆಸರಿಟ್ಟುದು ರಾಜ್ಯದ ಮೊದಲ ನಿವಾಸಿಗಳು ಮೂಲನಿವಾಸಿಗಳೇ ಎಂಬುದನ್ನು ಶಾಸನದಲ್ಲಿ ಒಪ್ಪಿಕೊಳ್ಳುವ ಕ್ರಮಗಳ ಭಾಗವಾಗಿ. ಹೊಸ ಹೆಸರಿನಲ್ಲಿ ಮೊದಲ ಆಚರಣೆ ಅದೇ ವರ್ಷದ ಜೂನ್ 4ರಂದು ನಡೆಯಿತು. ನೆನೆಯುವ ವಸ್ತು ಒಂದು ಹಡಗಿನ ಆಗಮನವಲ್ಲ, ರಾಜ್ಯದ ಎಲ್ಲ ಜನರ ಬದುಕು ಎಂಬುದು ಈ ಬದಲಾವಣೆಯ ಹಿಂದಿನ ಭಾವನೆ. ದಿನ ಮಾತ್ರ ಬದಲಾಗಲಿಲ್ಲ. ಇದರಿಂದ ಹೊಸದೊಂದು ನೆರೆಹೊರೆಯೂ ಏರ್ಪಟ್ಟಿದೆ: ಆಸ್ಟ್ರೇಲಿಯದಾದ್ಯಂತ ಸಾಮರಸ್ಯ ಸಪ್ತಾಹ ಮೇ 27ರಿಂದ ಜೂನ್ 3ರವರೆಗೆ ನಡೆಯುತ್ತದೆ, ಮತ್ತು ಅದರ ಕೊನೆಯ ದಿನ 1992ರ ಮ್ಯಾಬೊ ತೀರ್ಪಿನ ವಾರ್ಷಿಕ. ಭೂಖಂಡ ಯಾರಿಗೂ ಸೇರದ ನೆಲವಾಗಿತ್ತೆಂಬ ಹಳೆಯ ವಾದವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿನಲ್ಲಿ ತಿರಸ್ಕರಿಸಿ, ಮೂಲನಿವಾಸಿಗಳ ಪಾರಂಪರಿಕ ಭೂಹಕ್ಕನ್ನು ಎತ್ತಿಹಿಡಿದಿತ್ತು. ಜೂನ್ ತಿಂಗಳ ಮೊದಲ ಸೋಮವಾರ 3ನೆಯ ತಾರೀಕಿಗೆ ಬಿದ್ದ 2019 ಮತ್ತು 2024ರಂಥ ವರ್ಷಗಳಲ್ಲಿ, ಫ್ರೀಮ್ಯಾಂಟಲ್‌ನ ಧ್ವಜಾರೋಹಣದಿಂದ ಹುಟ್ಟಿದ ವಸಾಹತಿನ ದಿನವೂ ಆ ಧ್ವಜಾರೋಹಣದ ಆಧಾರವನ್ನೇ ಅಲುಗಿಸಿದ ತೀರ್ಪಿನ ದಿನವೂ ಒಂದಾಗಿ ಬಂದವು.

ಈಗಿನ ಆಚರಣೆಯ ಸ್ವರೂಪ ಹೆಚ್ಚಿನಂಶ ಕುಟುಂಬಗಳ ಬಿಡುವಿನದು. ಪರ್ತ್‌ನಲ್ಲಿ ‘ಸೆಲೆಬ್ರೇಟ್ ಡಬ್ಲ್ಯೂಎ’ ಎಂಬ ಸಂಸ್ಥೆ ಸಂಗೀತ, ಆಹಾರ ಮಳಿಗೆಗಳು, ಮಕ್ಕಳ ಆಟಗಳನ್ನೊಳಗೊಂಡ ಉತ್ಸವವನ್ನು ನಡೆಸುತ್ತದೆ. ವಿಜ್ಞಾನ, ಕಲೆ, ಸಮಾಜಸೇವೆ ಮೊದಲಾದ ಕ್ಷೇತ್ರಗಳ ಸಾಧಕರಿಗೆ ವರ್ಷದ ಪಶ್ಚಿಮ ಆಸ್ಟ್ರೇಲಿಯನ್ನರೆಂಬ ಪ್ರಶಸ್ತಿಗಳನ್ನು ಕೊಡುತ್ತಾರೆ, ಫುಟ್‌ಬಾಲ್ ಪಂದ್ಯಗಳು ನಡೆಯುತ್ತವೆ, ಅನೇಕರು ವಾರಾಂತ್ಯದಲ್ಲಿ ದಕ್ಷಿಣದ ಮಾರ್ಗರೆಟ್ ನದಿಯ ಕಡೆಗೆ ಹೊರಟುಬಿಡುತ್ತಾರೆ. ಕಾರ್ಯಕ್ರಮಗಳು ನೂಂಗಾರ್ ಹಿರಿಯರ ಸ್ವಾಗತವಿಧಿಯಿಂದ ಆರಂಭವಾಗುವುದು ಈಗ ರೂಢಿ. ರಾಜ್ಯದ ನಿವಾಸಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಬೇರೆ ದೇಶಗಳಲ್ಲಿ ಹುಟ್ಟಿದವರಾದುದರಿಂದ, ಈ ದಿನವನ್ನು ರಜೆಯಾಗಿ ಅನುಭವಿಸುವ ಬಹಳ ಜನರಿಗೆ 1829ರ ಜೊತೆ ವಂಶದ ನಂಟಿಲ್ಲ. ಕನ್ನಡಿಗರೂ ಸೇರಿದಂತೆ ಭಾರತದಿಂದ ಹೋಗಿ ನೆಲಸಿದವರೂ ಅವರಲ್ಲಿದ್ದಾರೆ. ಆದರೂ ಭಾರತದ ನಂಟು ಈ ವಸಾಹತಿಗೆ ಹಳೆಯದು. 1841ರಲ್ಲಿ ಪರ್ತ್‌ನ ದಕ್ಷಿಣಕ್ಕೆ ಸ್ಥಾಪಿತವಾದ ಆಸ್ಟ್ರಲಿಂಡ್ ಊರು ಭಾರತದ ಬ್ರಿಟಿಷ್ ಸೈನ್ಯಕ್ಕೆ ಕುದುರೆಗಳನ್ನು ಬೆಳೆಸಿ ಕಳುಹಿಸುವ ಆಸೆಯಿಂದಲೇ ಆಸ್ಟ್ರೇಲಿಯ ಮತ್ತು ಇಂಡಿಯಾಗಳ ಹೆಸರನ್ನು ಜೋಡಿಸಿಕೊಂಡಿತು. 

ಊರುಕೇರಿಗಳ ಹೆಸರುಗಳಲ್ಲಿ 1829 ಇನ್ನೂ ಹಾಗೆಯೇ ಇದೆ. ಫ್ರೀಮ್ಯಾಂಟಲ್ ನಗರ, ಸ್ಟರ್ಲಿಂಗ್ ಹೆದ್ದಾರಿ, ಕ್ವಿನಾನಾದಲ್ಲಿ ವಲಸೆಯ ಹಡಗುಗಳ ಹೆಸರನ್ನೇ ಹೊತ್ತ ಪಾರ್ಮೀಲಿಯ, ಕ್ಯಾಲಿಸ್ಟಾ, ಮೆದೀನಾ ಬಡಾವಣೆಗಳು ದಿನವೂ ಜನರ ಬಾಯಲ್ಲಿ ಬರುತ್ತವೆ. ಅವುಗಳ ಪಕ್ಕಕ್ಕೆ ಇತ್ತೀಚಿನ ವರ್ಷಗಳಲ್ಲಿ ನೂಂಗಾರ್ ಹೆಸರುಗಳು ಬಂದು ಕೂತಿವೆ. 2018ರಲ್ಲಿ ಪರ್ತ್‌ನ ರೈಲು ನಿಲ್ದಾಣದ ಪಕ್ಕದಲ್ಲಿ ಯಾಗನ್ ಚೌಕ ತೆರೆಯಿತು. 2020ರಲ್ಲಿ ಹೊಸದಾಗಿ ಬಾಗಿಲು ತೆರೆದ ರಾಜ್ಯ ವಸ್ತುಸಂಗ್ರಹಾಲಯಕ್ಕೆ, ಹಲವು ಕಥೆಗಳೆಂಬ ಅರ್ಥದ ಬೂಲಾ ಬರ್ಡಿಪ್ ಎಂಬ ನೂಂಗಾರ್ ಹೆಸರಿಟ್ಟರು. ಸುಮಾರು 3,700 ಮೂಲನಿವಾಸಿ ಗಂಡಸರನ್ನೂ ಹುಡುಗರನ್ನೂ ಸೆರೆಯಲ್ಲಿಟ್ಟಿದ್ದ, ಅವರಲ್ಲಿ 370ಕ್ಕೂ ಹೆಚ್ಚು ಜನ ಸತ್ತು ಮಣ್ಣಾದ ರಾಟ್‌ನೆಸ್ಟ್ ದ್ವೀಪವನ್ನು ಈಗ ಅದರ ಹಳೆಯ ಹೆಸರಾದ ವಜೆಮಪ್ ಎಂದೂ ಕರೆಯುತ್ತಾರೆ. 2020ರ ಜೂನ್‌ನಲ್ಲಿ, ಜಗತ್ತಿನ ಹಲವೆಡೆ ವಸಾಹತುಶಾಹಿಯ ಪ್ರತಿಮೆಗಳ ವಿರುದ್ಧ ಪ್ರತಿಭಟನೆಗಳು ನಡೆದಾಗ, ಪರ್ತ್‌ನಲ್ಲಿರುವ ಸ್ಟರ್ಲಿಂಗ್‌ನ ಪ್ರತಿಮೆಗೂ ಬಣ್ಣ ಬಳಿಯಲಾಯಿತು.

ಹೆಸರು ಮತ್ತು ಪ್ರತಿಮೆಗಳಿಗಿಂತ ಗಟ್ಟಿಯಾದ ಬದಲಾವಣೆ ಭೂಮಿಯ ವಿಷಯದಲ್ಲಿ ಬಂದುದು. ಪರ್ತ್ ನಗರಪ್ರದೇಶದ ಮೇಲೆ ನೂಂಗಾರರ ಪಾರಂಪರಿಕ ಹಕ್ಕು ಉಳಿದಿದೆಯೆಂದು 2006ರಲ್ಲಿ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರು ಕೊಟ್ಟ ತೀರ್ಪು 2008ರಲ್ಲಿ ಮೇಲ್ಮನವಿಯಲ್ಲಿ ಬಿದ್ದುಹೋಯಿತಾದರೂ, ಅನಂತರ ನಡೆದ ದೀರ್ಘ ಮಾತುಕತೆ ಒಪ್ಪಂದದಲ್ಲಿ ಮುಗಿಯಿತು. ನೂಂಗಾರರನ್ನು ನೈಋತ್ಯ ನೆಲದ ಪಾರಂಪರಿಕ ಒಡೆಯರೆಂದು ರಾಜ್ಯ ಶಾಸನಸಭೆ 2016ರ ಕಾಯಿದೆಯಲ್ಲಿ ಒಪ್ಪಿಕೊಂಡಿತು. ಸುಮಾರು 2 ಲಕ್ಷ ಚದರ ಕಿಲೋಮೀಟರ್ ಪ್ರದೇಶಕ್ಕೆ ಅನ್ವಯಿಸುವ, 130 ಕೋಟಿ ಆಸ್ಟ್ರೇಲಿಯನ್ ಡಾಲರ್ ಮೌಲ್ಯದ ಇತ್ಯರ್ಥ 2021ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಮೂರು ಪೌಂಡಿಗೆ 40 ಎಕರೆಯಂತೆ ಹಂಚಿಹೋದ ನೆಲದ ಹೆಚ್ಚಿನ ಪಾಲು ಖಾಸಗಿ ಒಡೆತನದಲ್ಲೇ ಉಳಿದಿದೆ. ಹಂಚದೆ ಉಳಿದ ಸರ್ಕಾರಿ ಭೂಮಿಯ ಒಂದು ಭಾಗ ಈ ಒಪ್ಪಂದದ ಮೂಲಕ ನೂಂಗಾರರ ಸಂಸ್ಥೆಗಳ ಕೈಗೆ ಬರತೊಡಗಿದೆ. ವಸಾಹತಿನ ಇನ್ನೂರನೆಯ ವರ್ಷವಾದ 2029ರಲ್ಲಿ ಈಗಿನ ಕ್ರಮವೇ ಮುಂದುವರಿದರೆ ಪಶ್ಚಿಮ ಆಸ್ಟ್ರೇಲಿಯ ದಿನ ಜೂನ್ 4ಕ್ಕೆ ಬೀಳುತ್ತದೆ.